ತಲೆಬುರುಡೆಯ ಡಬ್ಬಿ

ಅಡಿಗೆಮನೆಯ ಕಟ್ಟೆಯ ಮೇಲೆ, ಒಲೆಗೂ ಕಿಟಕಿಗೂ ನಡುವೆ, ತನ್ನ ಕೈಯಾರೆ ಇಟ್ಟ ಮದ್ದಿನ ಹನಿಯನ್ನು ಇರುವೆಗಳು ಮೂಸಿ ಕೂಡ ನೋಡದೆ ದಾಟಿಹೋಗುವುದನ್ನು ಕರ್ನಲ್ ಬೆಳಗಿನಿಂದ ನೋಡುತ್ತ ನಿಂತಿದ್ದ. ಅವನು ಯಾವ ಸೈನ್ಯದಲ್ಲೂ ಇದ್ದವನಲ್ಲ. ಮನೆಮನೆಗೆ ಹೋಗಿ ಇರುವೆ ಬಿಡಿಸುವುದು ಅವನ ಕಸುಬು. ಕರ್ನಲ್ ಎಂಬ ಪದವಿಯನ್ನು ದಯಪಾಲಿಸಿದ್ದು ಇಡೀ ಊರು, ಊರಿಗೆ ಹಾಗೆ ಕರೆಯಲು ಹೇಳಿಕೊಟ್ಟವನು ಅವನೇ. ಭೂಮಂಡಲದಲ್ಲಿ ಇರುವೆಗಳ ಬಗ್ಗೆ ಅವನಿಗಿಂತ ಹೆಚ್ಚು ತಿಳಿದವರು ಯಾರಾದರೂ ಇದ್ದರೆ ಅದು ಇರುವೆಗಳು ಮಾತ್ರ, ಅವುಗಳಲ್ಲೂ ಎಲ್ಲವೂ ಅಲ್ಲ. ಉಗುರಿನಷ್ಟು ಮದ್ದಿನಲ್ಲಿ ಬೀದಿಗೆ ಬೀದಿಯನ್ನೇ ಖಾಲಿ ಮಾಡಿಸಿದ ಆಸಾಮಿ. ಅವನ ಚೀಲ ತಿರುವಿನಲ್ಲಿ ಕಂಡರೆ ಸಾಕು, ಗೋಡೆಗಳ ಒಳಗೆ ರಾಣಿಯರು ಮರಣಶಾಸನ ಬರೆಸಲು ಕೂರುತ್ತಿದ್ದರು. ಅಂಥವನ ಮನೆಯ ಕಿಟಕಿಯ ಸಂದಿನಿಂದ ಹೊರಟ ಕಪ್ಪು ದಾರವೊಂದು ಕಟ್ಟೆಯ ಅಂಚಿಗೆ ಇಳಿದು, ಮದ್ದಿನ ಹನಿಯಿದ್ದ ರಟ್ಟಿನ ತುಂಡನ್ನು ಸುತ್ತಿಬಳಸಿ, ಸಿಂಕಿನ ಹಿಂದೆ ಹಾದು, ಬಾಗಿಲ ಚೌಕಟ್ಟನ್ನು ಹತ್ತಿ, ಯಾರದೋ ಮದುವೆಗೆ ಹೊರಟ ದಿಬ್ಬಣದ ಗತ್ತಿನಲ್ಲಿ ಒಳಗೆ ಹೋಗುತ್ತಿತ್ತು. ಒಂದು ಇರುವೆ ಮಾತ್ರ ಹನಿಯ ಬಳಿ ನಿಂತು ಮೀಸೆ ಆಡಿಸಿತು. ಅವನು ಉಸಿರು ಹಿಡಿದ. ಅದು ಪರಿಚಯದವರ ಮನೆಯ ಮುಂದೆ ಹಾದರೂ ಒಳಗೆ ಹೋಗಲು ಮನಸ್ಸಿಲ್ಲದವರ ಹಾಗೆ ಮುಖ ತಿರುಗಿಸಿ ಸಾಲು ಸೇರಿತು. ದಾರ ಎಲ್ಲಿಗೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅದೇ ಸಂಕಟ.

ಕೈಯಲ್ಲಿದ್ದ ಚಹಾ ಆರಿಹೋಗಿತ್ತು. ಸಕ್ಕರೆಯಿಲ್ಲದ ಚಹಾ ಆರಿದರೆ ಕಷಾಯಕ್ಕೂ ಅದಕ್ಕೂ ಜಗಳವಿಲ್ಲ. ಒಂದು ಗುಟುಕು ಕುಡಿದು, ಮುಖ ಕಿವುಚಬಾರದೆಂದು ಎಚ್ಚರವಹಿಸಿ, ಹೆಂಡತಿಯ ಕಡೆ ನೋಡಿದ. ಅವಳು ಬೆನ್ನು ತಿರುಗಿಸಿ ಬ್ರೆಡ್ಡು ಸುಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಇವಳಿಗೆ ಅವನು ಮೊದಲು ಹೇಳಿಕೊಟ್ಟದ್ದು ಪ್ರೇಮವನ್ನಲ್ಲ, ಮದ್ದನ್ನು. ಇದೇ ಕಟ್ಟೆಗೆ ಒರಗಿ ನಿಂತು, ಸೀರೆಯ ಮೇಲೆ ಹತ್ತಿದ ಒಂದು ಇರುವೆಯನ್ನು ಅವಳು ಹೊಸಕಲು ಹೋದಾಗ ಕೈ ಹಿಡಿದಿದ್ದ. ಹೊಸಕಬೇಡ, ಮನೆಗೆ ಹೋಗಲಿ ಬಿಡು ಎಂದಿದ್ದ. ಇರುವೆಗೆ ಹೊಟ್ಟೆಯೊಳಗೆ ಎರಡು ಚೀಲ, ಒಂದು ತನಗೆ, ಇನ್ನೊಂದು ಊರಿಗೆ; ಊರಿನ ಚೀಲವೇ ದೊಡ್ಡದು. ಹೊರಗೆ ದುಡಿಯಲು ಬಂದವಳು ಸಿಹಿ ಕಂಡರೆ ಊರಿನ ಚೀಲವನ್ನು ತುಂಬಿಕೊಂಡು ಓಡುತ್ತಾಳೆ. ಗೂಡಿಗೆ ಹೋಗಿ ಎದುರಾದ ಅಕ್ಕನ ಬಾಯಿಗೆ ಬಾಯಿಟ್ಟು ಕೊಡುತ್ತಾಳೆ, ಅಕ್ಕ ತಂಗಿಗೆ, ತಂಗಿ ಮರಿಗಳಿಗೆ, ಕೊನೆಗೆ ಎಲ್ಲಕ್ಕಿಂತ ಒಳಕೋಣೆಯಲ್ಲಿ, ಜನ್ಮದಲ್ಲಿ ಹೊರಗೆ ಕಾಲಿಡದ ರಾಣಿಯ ಬಾಯಿಗೆ. ನನ್ನ ಮದ್ದು ಆ ಮುತ್ತಿನ ಮೇಲೆ ಸವಾರಿ ಮಾಡುತ್ತದೆ ಎಂದು ಅವನು ಹೇಳಿದಾಗ ಹೊಸ ಹೆಂಡತಿ ನಾಚಿಕೊಂಡಿದ್ದಳು. ವಿಷ ಜಾಸ್ತಿಯಾದರೆ ತಂದವಳು ದಾರಿಯಲ್ಲೇ ಸಾಯುತ್ತಾಳೆ, ಊರು ಉಳಿದುಬಿಡುತ್ತದೆ. ಅದಕ್ಕೇ ಒಂದು ಚಿಟಿಕೆ, ಸಾಯುವವಳಿಗೂ ತಾನು ಸಾಯುತ್ತಿದ್ದೇನೆಂದು ತಿಳಿಯದಷ್ಟು. ನಿಧಾನವೇ ಇಲ್ಲಿ ವಿದ್ಯೆ. ಗಡಿಬಿಡಿಯವನು ಕೊಲ್ಲುವುದು ಕಂಡ ನಾಲ್ಕನ್ನು, ತಾಳ್ಮೆಯವನು ಗೆಲ್ಲುವುದು ಕಾಣದ ಕೋಟಿಯನ್ನು. ಕೋಟಿ ಎಂದನೋ ನೂರು ಕೋಟಿ ಎಂದನೋ ಅವನಿಗೀಗ ನೆನಪಿಲ್ಲ. ಅವಳು ಬಾಯಿ ತೆರೆದು ಕೇಳಿದ್ದು ನೆನಪಿದೆ. ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ಅದನ್ನೇ ಹೇಳಿದ್ದ, ಪ್ರತಿ ಸಲವೂ ಗೂಡು ದೊಡ್ಡದಾಗುತ್ತ ಬೆಳೆದು, ಕಡೆಗೆ ಅದರೊಳಗೆ ಈ ಮನೆಯೇ ಹಿಡಿಸುವಷ್ಟಾಗಿತ್ತು. ಅವಳು ಪ್ರತಿ ಸಲವೂ ಹೊಸದಾಗಿ ಕೇಳುವವಳ ಹಾಗೆ ಕೇಳಿದ್ದಳು. ಹಾಗೆ ಕೇಳುವುದು ಅಭಿಮಾನವೆಂದೇ ಅವನು ನಂಬಿದ್ದ.

“ಇವತ್ತೂ ತಿಂದಿಲ್ಲ,” ಎಂದಳು ಹೆಂಡತಿ, ಬೆನ್ನು ತಿರುಗಿಸಿಕೊಂಡೇ.

ಮರಿಗಳು ಹೆಚ್ಚಿದ ಕಾಲವಿದು, ಸಿಹಿಗಿಂತ ಕೊಬ್ಬಿನ ಮೇಲೆ ಮನಸ್ಸು ಎಂದು ಮೊದಲ ದಿನ ಹೇಳಿದ್ದ. ಬೆಣ್ಣೆಯಲ್ಲಿ ಕಲಸಿದ ಮದ್ದಿಟ್ಟ. ಅದನ್ನೂ ಬಳಸಿಕೊಂಡು ಹೋದವು. ಕಟ್ಟೆ ಒರೆಸಿದ ಸಾಬೂನಿನ ವಾಸನೆ ಎಂದ; ಅವಳು ಬರೀ ನೀರಿನಲ್ಲಿ ಒರೆಸಿದಳು. ಗಾಳಿಯ ದಿಕ್ಕು ಎಂದ. ಅದನ್ನು ಹೇಳುವಾಗ ಅವನ ಕಿವಿ ತಾನೇ ಬಿಸಿಯಾಯಿತು. ಗಿರಾಕಿಗಳ ಮನೆಯಲ್ಲಿ ಮದ್ದು ಸೋತರೆ ಅವನು ಕೇಳುತ್ತಿದ್ದ ಮಾತು ಒಂದೇ, ಸೊಂಟಕ್ಕೆ ಕೈಕೊಟ್ಟು, ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು: ನನ್ನ ಮದ್ದಿಗಿಂತ ರುಚಿಯಾದದ್ದು ಈ ಮನೆಯಲ್ಲಿ ಎಲ್ಲೋ ಬಚ್ಚಿಟ್ಟಿದೆ, ಯಾರದು ಹೇಳಿ. ಆಗ ಎಂಥೆಂಥ ಮುಖಗಳನ್ನು ನೋಡಿದ್ದ. ದಿಂಬಿನ ಕೆಳಗಿನ ಚಾಕೊಲೇಟು, ಪುಸ್ತಕದ ಹಿಂದಿನ ಜೇನಿನ ಶೀಶೆ, ಮೈ ಇಳಿಸುತ್ತಿದ್ದೇನೆಂದು ಸಾರಿಕೊಂಡ ಒಬ್ಬ ಮೇಷ್ಟರ ಬೂಟಿನೊಳಗೆ ಅರ್ಧ ಕೇಕು. ಆ ಮೇಷ್ಟರ ಮುಖ ಈಗ ಅಡಿಗೆಮನೆಯ ಕಿಟಕಿಯ ಗಾಜಿನಲ್ಲಿ, ಅವನದೇ ಮುಖ ಇರಬೇಕಾದ ಜಾಗದಲ್ಲಿ, ಕಾಣುತ್ತಿತ್ತು.

ಈ ಮನೆಯಲ್ಲಿ ಸಿಹಿ ಸತ್ತು ವರ್ಷಗಳಾಗಿದ್ದವು. ಡಾಕ್ಟರು ಅವನ ರಕ್ತವನ್ನು ನೋಡಿ, ಇದು ರಕ್ತವೋ ಪಾಕವೋ ಎಂದು ಕೇಳಿದ ದಿನ ಹೆಂಡತಿ ಸಕ್ಕರೆಯ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದಳು. ನಿಮಗಿಲ್ಲದ್ದು ನಮಗೂ ಬೇಡ ಎಂದಳು, ದೊಡ್ಡ ಮಾತಿನ ಹಾಗೆ ಅಲ್ಲ, ಕಿಟಕಿ ಮುಚ್ಚು ಎನ್ನುವ ಹಾಗೆ. ಅವಳು ಎಂಥವಳೆಂದರೆ ಹಿಂದೆಲ್ಲ ಚಹಾ ಮುಗಿಸಿ ಲೋಟದ ತಳದ ಕರಗದ ಸಕ್ಕರೆಯನ್ನು ಬೆರಳಲ್ಲಿ ಬಳಿದು ನೆಕ್ಕುತ್ತಿದ್ದವಳು, ನೆಕ್ಕುವಾಗ ಕಣ್ಣು ಮುಚ್ಚುತ್ತಿದ್ದವಳು. ಆ ಕಣ್ಣು ಮುಚ್ಚುವುದನ್ನು ಅವನು ಆಮೇಲೆ ಮತ್ತೆ ನೋಡಿರಲಿಲ್ಲ. ಅವಳ ತಾಯಿ, ಇವರ ಜೊತೆಗೇ ಇರುವ ಅತ್ತೆ, ಈ ವಯಸ್ಸಲ್ಲಿ ನನಗ್ಯಾಕೆ ಈ ಶಿಕ್ಷೆ ಎಂದು ಒಂದು ದಿನ ಗೊಣಗಿ ಮರುದಿನದಿಂದ ಸಪ್ಪೆ ಚಹಾ ಕುಡಿದರು. ಇಬ್ಬರು ಹೆಂಗಸರು ತನಗಾಗಿ ಬಾಯಿ ಕಟ್ಟಿ ಕೂತಿರುವುದನ್ನು ಅವನು ಊರಿಗೆಲ್ಲ ಹೇಳಿಕೊಂಡು ತಿರುಗಿದ. ಹೇಳುವಾಗ ನಿಜಕ್ಕೂ ಕಣ್ಣು ಒರೆಸಿಕೊಳ್ಳುತ್ತಿದ್ದ. ಹಾಗೆ ಹೇಳಿ ಬಂದ ಒಂದು ಮಧ್ಯಾಹ್ನವೇ ಬೇಕರಿಯ ಮುಂದೆ ಅವನ ಕಾಲು ನಿಂತದ್ದು. ಕೆನೆ ಬಿಸ್ಕತ್ತು, ನಡುವೆ ಬಿಳಿ ಕೆನೆ. ಬರೀ ಒಂದು. ಒಂದು ತಿಂದಮೇಲೆ ಪೊಟ್ಟಣವನ್ನು ಬೀದಿಯಲ್ಲಿ ಎಸೆಯುವುದಾದರೂ ಹೇಗೆ?

ಅದನ್ನು ಬಚ್ಚಿಡಲು ಅವನಿಗೆ ಹೊಳೆದ ಜಾಗ ಅವನ ಜೀವಮಾನದ ಮಹಾ ಉಪಾಯ. ಉಗ್ರಾಣದ ಕೋಣೆಯ ಮೇಲಿನ ಅಟ್ಟಣಿಗೆಯಲ್ಲಿ ಅವನ ಕಸುಬಿನ ಡಬ್ಬಿಗಳ ಸಾಲು. ಎಲ್ಲದರ ಮೇಲೂ ಕೆಂಪು ಚೀಟಿ, ಚೀಟಿಯ ಮೇಲೆ ತಲೆಬುರುಡೆ, ಕೆಳಗೆ ಅಡ್ಡಡ್ಡ ಎರಡು ಎಲುಬು. ಆ ಕಡೆ ಕೈ ಚಾಚಿದರೆ ಕೈ ಕಪ್ಪಾಗುತ್ತದೆ, ಮೂಸಿದರೆ ಮೂಗು ಉದುರುತ್ತದೆ ಎಂದು ಮನೆಯವರನ್ನು ಅವನೇ ಹೆದರಿಸಿ ಇಟ್ಟಿದ್ದ. ಅಂಗಡಿಯಿಂದ ಹೊಸದೊಂದು ಖಾಲಿ ಡಬ್ಬಿ ತಂದ, ಅದಕ್ಕೂ ಕೆಂಪು ಚೀಟಿ ಅಂಟಿಸಿದ, ಬುರುಡೆಯ ಹಲ್ಲಿಗೆ ಪೆನ್ನಿನಿಂದ ಎರಡು ಗೆರೆ ಹೆಚ್ಚಿಗೆ ಎಳೆದ, ಗುರುತಿಗೂ ಭಯಕ್ಕೂ ಆಯಿತೆಂದು. ಅಲ್ಲಿಂದೀಚೆಗೆ ಕೆಲಸ ಮುಗಿಸಿ ಬಂದವನು ಚೀಲ ಇಡುವ ನೆಪದಲ್ಲಿ ಉಗ್ರಾಣದ ಬಾಗಿಲು ಹಾಕಿಕೊಳ್ಳುವುದು, ಶಬ್ದವಾಗದಂತೆ ಬಿಸ್ಕತ್ತನ್ನು ನಾಲಗೆಯ ಮೇಲೆ ನೆನೆಸುವುದು, ಅಂಗಿಯ ಎದೆಯಿಂದ ಪುಡಿ ಕೊಡವುವುದು. ಊರಿಗೆಲ್ಲ ವಿಷವನ್ನು ಸಿಹಿಯೆಂದು ತಿನ್ನಿಸುವವನು ಮನೆಯವರಿಗೆ ಸಿಹಿಯನ್ನು ವಿಷವೆಂದು ನಂಬಿಸಿದ್ದ. ಇಂಥ ಬುದ್ಧಿ ಇನ್ನೊಬ್ಬನಿಗೆ ಬರಲು ಇನ್ನೊಂದು ಯುಗ ಬೇಕು ಎಂದು ಆಗ ಅನಿಸಿತ್ತು. ಕೊಡವಿದ ಪುಡಿ ನೆಲಕ್ಕೆ ಬೀಳುತ್ತದೆ, ನೆಲದಲ್ಲಿ ನಡೆಯುವವರು ಇದ್ದಾರೆ, ಅವರಿಗೆ ಓದು ಬರುವುದಿಲ್ಲ ಎಂಬುದು ಇರುವೆಗಳ ಕರ್ನಲ್‌ಗೇ ಮರೆತುಹೋಗಿತ್ತು.

ಡಬ್ಬಿಯನ್ನು ಸಾಗಿಸಿಬಿಟ್ಟರೆ ಮುಗಿಯಿತಲ್ಲ. ಸಾಗಿಸಲು ಅತ್ತೆ ಬಿಡಬೇಕು. ಇರುವೆಯ ಸಾಲು ತಮ್ಮ ಮಂಚದ ಕಾಲಿನ ಹತ್ತಿರ ಹಾಯತೊಡಗಿದ್ದೇ ಅವರು ಹಾಸಿಗೆ, ಹೆಣೆಯುವ ಉಣ್ಣೆಯ ಬುಟ್ಟಿ, ಬೆತ್ತದ ಕುರ್ಚಿ ಸಮೇತ ಉಗ್ರಾಣಕ್ಕೆ ಗುಳೆ ಬಂದು, ಸರಿಯಾಗಿ ಅಟ್ಟಣಿಗೆಯ ಕೆಳಗೆ ಠಿಕಾಣಿ ಹೂಡಿದ್ದರು. ಇಷ್ಟು ವಿಷ ಇರೋ ಕಡೆ ಯಾವ ಇರುವೆ ಬರುತ್ತೆ ಎಂಬುದು ಅವರ ವಾದ. ಅವರ ತಲೆಯ ಮೇಲೆ, ಗೋಡೆಗಂಟಿದ ವಿದ್ಯುತ್ ತಂತಿಯ ಹಿಂದಿನಿಂದ, ದಿಬ್ಬಣ ಹತ್ತುತ್ತಲೇ ಇತ್ತು. ಅತ್ತೆಯ ಕಣ್ಣು ಉಣ್ಣೆಯ ಹೆಣಿಗೆಯಾಚೆಗೆ ಹೋಗುತ್ತಿರಲಿಲ್ಲ, ಆದರೆ ಕಿವಿ ಪಕ್ಕದ ಬೀದಿಯ ಜಗಳವನ್ನೂ ಬಿಡುತ್ತಿರಲಿಲ್ಲ. ನಿನ್ನೆ ಅವರು ಸ್ನಾನಕ್ಕೆ ಹೋದದ್ದನ್ನು ನೋಡಿ ಅವನು ಸ್ಟೂಲು ಹಾಕಿ ಹತ್ತಿದ್ದ. ಬೆರಳು ಡಬ್ಬಿಗೆ ತಾಗಿತ್ತು. ಅಷ್ಟರಲ್ಲಿ ಬಚ್ಚಲಿನಿಂದಲೇ, ಅಳಿಯಂದಿರು ಏನೋ ಹುಡುಕ್ತಿರೋ ಹಾಗಿದೆ ಎಂಬ ದನಿ. ಏನಿಲ್ಲ ಅತ್ತೆ, ಬಲ್ಬು ನೋಡುತ್ತಿದ್ದೆ ಎಂದು ಇಳಿದ. ಬಲ್ಬು ಇದ್ದದ್ದು ಇನ್ನೊಂದು ಗೋಡೆಯಲ್ಲಿ.

ಬ್ರೆಡ್ಡಿನ ತಟ್ಟೆಯನ್ನು ಅವನ ಮುಂದಿಟ್ಟು ಹೆಂಡತಿ ಹೇಳಿದಳು, “ಮಧ್ಯಾಹ್ನ ಬುಸ್ಸಣ್ಣ ಬರ್ತಾನೆ. ಹೇಳಿ ಕಳಿಸಿದೀನಿ.”

ಬುಸ್ಸಣ್ಣನೆಂದರೆ ಊರಿನ ಇನ್ನೊಬ್ಬ ಇರುವೆಯವನು, ಬೆನ್ನಿಗೆ ಪಂಪು ಕಟ್ಟಿಕೊಂಡು ಬುಸ್ಸೆಂದು ಔಷಧಿ ಹೊಡೆದು, ಕಂಡವನ್ನು ಕೊಂದು, ಕಾಣದವನ್ನು ಹೆದರಿಸಿ ಒಂದು ಗೂಡನ್ನು ನಾಲ್ಕು ಮಾಡಿಸಿ ಹೋಗುವವನು. ಅವನು ಕೆಡಿಸಿಟ್ಟ ಮನೆಗಳನ್ನು ಸರಿಪಡಿಸಿಯೇ ತಾನು ಮುದುಕನಾದದ್ದೆಂದು ಕರ್ನಲ್ ಸಭೆಗಳಲ್ಲಿ ಹೇಳುತ್ತಿದ್ದ. ಸಭೆಯೆಂದರೆ ಚಹಾದಂಗಡಿಯ ಬೆಂಚು. ಆ ಬೆಂಚಿನ ಮೇಲೆ ನಾಳೆಯಿಂದ ಬುಸ್ಸಣ್ಣ ಕಾಲು ಚಾಚಿ ಕೂತು, ಕರ್ನಲ್ ಸಾರ್ ಮನೆಗೆ ಹೋಗಿ ಹೊಡೆದು ಬಂದೆ ಎನ್ನುತ್ತಾನೆ. ಬೇಡವೆನ್ನಲು ಬಾಯಿ ತೆರೆದ. ಬೇಡವಾದರೆ ಮದ್ದು ಕೆಲಸ ಮಾಡಬೇಕು. ಮದ್ದು ಕೆಲಸ ಮಾಡಬೇಕಾದರೆ ಡಬ್ಬಿ ಇಳಿಯಬೇಕು. ಡಬ್ಬಿ ಇಳಿದರೆ ಎಷ್ಟೋ ವರ್ಷ ಲೋಟದ ತಳ ಬಳಿಯದೆ ಉಳಿದ ಆ ಬೆರಳಿನ ಮುಂದೆ ಇವನು ನಿಲ್ಲಬೇಕು. ಬಾಯಿ ಮುಚ್ಚಿ ಬ್ರೆಡ್ಡು ಅಗಿದ. ಹೋದ ವಾರ ಅವಳು ನೆಂಟರಿಗೆಂದು ತಂದ ಕೆನೆ ಬಿಸ್ಕತ್ತಿನ ಪೊಟ್ಟಣವೊಂದು ಊಟದ ಮೇಜಿನ ಮೇಲೆ ಬಿದ್ದಿದ್ದು, ಸಂಜೆಗೆ ಮಾಯವಾಗಿ ಅವನ ಡಬ್ಬಿ ಸೇರಿತ್ತು. ನೆಂಟರು ಬರಲೇ ಇಲ್ಲ. ಪೊಟ್ಟಣದ ಮಾತನ್ನು ಅವಳು ಎತ್ತಲೂ ಇಲ್ಲ. ಮರೆತಿದ್ದಾಳೆ ಎಂದು ಅವನು ಖುಷಿಪಟ್ಟಿದ್ದ. ಈಗ, ಎರಡನೇ ತುಂಡು ಮುರಿಯುತ್ತ, ಅವಳು ಯಾವುದನ್ನಾದರೂ ಮರೆತದ್ದುಂಟೇ ಎಂದು ಯೋಚಿಸಿದ.

ಬುಸ್ಸಣ್ಣ ಬಂದಾಗ ಮನೆಯೊಳಗೆ ಸೀಮೆಣ್ಣೆಯ ಅಂಗಡಿಯೇ ನಡೆದು ಬಂದಂತಾಯಿತು. ಪಂಪನ್ನು ಇಳಿಸಿ, ಕೈ ಜೋಡಿಸಿ, ಕರ್ನಲ್ ಸಾರ್ ಮನೆಗೆ ಕಾಲಿಡೋದು ನನ್ನ ಪುಣ್ಯ ಅಂದ. ಅದರಲ್ಲಿ ಕುಹಕವಿರಲಿಲ್ಲ, ಅದೇ ಕರ್ನಲ್‌ಗೆ ಹೆಚ್ಚು ಚುಚ್ಚಿತು. ಹೆಂಡತಿ ಅವನಿಗೆ ಸಾಲು ತೋರಿಸಿದಳು. ಕಟ್ಟೆ, ಸಿಂಕು, ಬಾಗಿಲ ಚೌಕಟ್ಟು, ಹಜಾರದ ಗೋಡೆಯ ಅಂಚು. ಬುಸ್ಸಣ್ಣ ಬಗ್ಗಿ ಬಗ್ಗಿ ಹಿಂಬಾಲಿಸಿದ, ಅವಳು ಬಗ್ಗದೆಯೇ ಮುಂದೆ ನಡೆದಳು. ಕಡೆಯಲ್ಲಿ ಕರ್ನಲ್, ತನ್ನದೇ ಶವಯಾತ್ರೆಯಲ್ಲಿ ಹಿಂದೆ ಬಿದ್ದವನ ಹಾಗೆ. ಅವರು ಉಗ್ರಾಣದ ಬಾಗಿಲಿಗೆ ಬಂದಾಗ ಅತ್ತೆ ಹೆಣಿಗೆಯಿಂದ ತಲೆಯೆತ್ತಿ, ವಾಸನೆಯಿಂದಲೇ ಬುಸ್ಸಣ್ಣನನ್ನು ಗುರುತಿಸಿ, “ಬಾಪ್ಪಾ, ನಮ್ಮ ಅಳಿಯಂದಿರ ಮದ್ದಿಗೆ ಇರುವೆಗಳು ಎಷ್ಟು ಗೌರವ ಕೊಡ್ತವೆ ಅಂದ್ರೆ, ದೂರದಿಂದಲೇ ಕೈ ಮುಗಿದು ಹೋಗ್ತವೆ,” ಎಂದರು. ಬುಸ್ಸಣ್ಣನ ಕಣ್ಣು ತಂತಿಯ ಗುಂಟ ಏರಿ ಅಟ್ಟಣಿಗೆಯಲ್ಲಿ ನಿಂತಿತು.

“ಸಾರ್, ಇವು ನಿಮ್ಮ ವಿಷದ ಡಬ್ಬಿಗೇ ಹೋಗ್ತಿವೆಯಲ್ಲ?”

ವಿಷದ ಪುಡಿಯ ವಾಸನೆಗೆ ಅಮಲೇರಿ ಹೋಗುತ್ತಿರಬೇಕು, ದೊಡ್ಡ ಗೂಡುಗಳಲ್ಲಿ ಹೀಗಾಗುವುದುಂಟು, ತಾನು ಒಮ್ಮೆ ಇಡೀ ಗೂಡೇ ಸಾಮೂಹಿಕವಾಗಿ ವಿಷಕ್ಕೆ ಹಾರಿದ್ದನ್ನು ಕಂಡಿದ್ದೇನೆ ಎಂದು ಕರ್ನಲ್ ಹೇಳತೊಡಗಿದ. ಮಾತು ಉದ್ದವಾಗುತ್ತ ಹೋಯಿತು, ಅದರ ತುದಿ ಎಲ್ಲಿದೆಯೆಂದು ಅವನಿಗೇ ಕಾಣಲಿಲ್ಲ. ಯಾರೂ ಮುಟ್ಟಬೇಡಿ, ನಾನೇ ಇಳಿಸುತ್ತೇನೆ, ಅಪಾಯ ಎಂದ. ಅಷ್ಟರಲ್ಲಿ ಹೆಂಡತಿ ಸ್ಟೂಲಿನ ಮೇಲಿದ್ದಳು. ಸಾಲಿನಲ್ಲಿದ್ದ ಅಷ್ಟೂ ಡಬ್ಬಿಗಳಲ್ಲಿ ಅವಳ ಕೈ ತಡವರಿಸದೆ ಒಂದರ ಮೇಲೆ ಹೋಯಿತು, ಹಲ್ಲಿಗೆ ಎರಡು ಗೆರೆ ಹೆಚ್ಚಿದ್ದ ಬುರುಡೆಯ ಮೇಲೆ. ಇಳಿದು, ಡಬ್ಬಿಯನ್ನು ಎದೆಗೊತ್ತಿ ಮುಚ್ಚಳ ತೆಗೆದಳು. ಇರುವೆಗಳು ಅವಳ ಮಣಿಕಟ್ಟಿನ ಮೇಲೆ ಬಳೆಯ ಹಾಗೆ ಸುತ್ತಿದವು. ಒಂದನ್ನೂ ಅವಳು ಹೊಸಕಲಿಲ್ಲ. ಒಳಗಿಂದ ಒಂದು ಬಿಸ್ಕತ್ತು ತೆಗೆದು, ಊದಿ ಇರುವೆ ಹಾರಿಸಿ, ಬೆಳಕಿಗೆ ಹಿಡಿದಳು. ಆಮೇಲೆ ಅದನ್ನು ಬಾಯಿಯ ಹತ್ತಿರ ತಂದು, ಗಂಡನ ಮುಖವನ್ನೇ ನೋಡುತ್ತ ನಿಂತಳು.

“ವಿಷ ಅಲ್ವಾ ರೀ ಇದು?”

ಬುಸ್ಸಣ್ಣ, ಅಕ್ಕಾ ಬೇಡ, ಅಕ್ಕಾ ಕೆಳಗಿಡಿ ಎಂದು ಪಂಪನ್ನು ಎಡವಿ ಮುಂದಕ್ಕೆ ಬಂದ. ಅತ್ತೆಯ ಕೈಯಿಂದ ಉಣ್ಣೆಯ ಉಂಡೆ ಉರುಳಿತು. ಕರ್ನಲ್ ಮಾತ್ರ ಅಲ್ಲಾಡಲಿಲ್ಲ. ಹಾರಿ ಹೋಗಿ ಕೈ ಹಿಡಿಯಬೇಕು, ಹೊಸಕಬೇಡ ಎಂದು ಅಂದು ಹಿಡಿದ ಹಾಗೆ, ವಿಷ ವಿಷ ಎಂದು ಕೂಗಬೇಕು ಎಂದು ಅವನಿಗೆ ಅನಿಸಿತು. ಕೂಗಿದರೆ ಕತೆ ಉಳಿಯುತ್ತದೆ, ಡಬ್ಬಿಯೂ ಮಾನವೂ ಉಳಿಯುತ್ತವೆ, ಬುಸ್ಸಣ್ಣ ಬಾಲ ಮಡಚಿಕೊಂಡು ಹೋಗುತ್ತಾನೆ. ಸುಳ್ಳು ಹೇಳುವುದರಲ್ಲಿ ಅವನನ್ನು ಮೀರಿಸಿದವರು ಈ ಗ್ರಹದಲ್ಲಿ ಹುಟ್ಟಿಲ್ಲ. ಆದರೆ ಅವಳು ಆ ಬಿಸ್ಕತ್ತನ್ನು ತಿನ್ನಬೇಕೆಂದು ಅವನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಆಸೆಯಾಯಿತು. ಅವನ ಕೈಗಳು ಪಕ್ಕದಲ್ಲಿ ಸುಮ್ಮನೆ ಜೋತುಬಿದ್ದಿದ್ದವು. ಹೆಂಡತಿ ಆ ಕೈಗಳನ್ನು ನೋಡಿದಳು. ಕಚ್ಚಿದಳು. ಕಣ್ಣು ಮುಚ್ಚಿದಳು.

ಬುಸ್ಸಣ್ಣ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿ, ನಿಧಾನಕ್ಕೆ ಪಂಪಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡ. ಹೆಂಡತಿ ಅಗಿದು ಮುಗಿಸಿ, ತುಟಿಯ ಮೂಲೆಯ ಕೆನೆಯನ್ನು ಬೆರಳಲ್ಲಿ ಒರೆಸಿ ನೆಕ್ಕಿ, ಬುಸ್ಸಣ್ಣನಿಗೆ ಹೇಳುವವಳ ಹಾಗೆ ಹೇಳಿದಳು: “ಹೋದ ವಾರ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟು ಸುಮ್ಮನಿದ್ದೆ. ಆಗಲೇ ಹೊಸಕಿದ್ರೆ ಒಂದು ಪೊಟ್ಟಣ ಸಿಕ್ತಿತ್ತು ಅಷ್ಟೇ. ಹೊತ್ಕೊಂಡು ಹೋಗ್ಲಿ ಅಂತ ಬಿಟ್ಟೆ, ಗೂಡೇ ಸಿಕ್ತು.”

ಇನ್ನೊಂದನ್ನು ತೆಗೆದು ಅರ್ಧ ಮುರಿದು ತಾಯಿಗೆ ಕೊಟ್ಟಳು. ಅತ್ತೆ ಏನನ್ನೂ ಕೇಳದೆ ಬಾಯಿಗಿಟ್ಟುಕೊಂಡು, ಕೆನೆ ಚೂರು ಹಳೇದಾಗಿದೆ ಎಂದರು. ಉಳಿದರ್ಧ ಬುಸ್ಸಣ್ಣನಿಗೆ. ಅವನು ಇಟ್ಟುಕೊಳ್ಳಲೋ ಬಿಡಲೋ ಎಂದು ಕರ್ನಲ್ ಕಡೆ ನೋಡಿ, ತಿಂದು, ಇಲ್ಲಿ ನನ್ನ ಪಂಪಿಗೆ ಕೆಲಸವಿಲ್ಲ ಸಾರ್ ಎಂದು ಹೊರಟ. ಚಹಾದಂಗಡಿಯಲ್ಲಿ ಹೇಳುತ್ತಾನೋ ಇಲ್ಲವೋ ಎಂದು ಕರ್ನಲ್ ಯೋಚಿಸಲಿಲ್ಲ. ಬಾಯಿಂದ ಬಾಯಿಗೆ ದಾಟುತ್ತ ಹೋದ ಆ ಬಿಸ್ಕತ್ತು ತನ್ನವರೆಗೆ ಬಾರದೆ ನಿಂತುಬಿಟ್ಟದ್ದನ್ನಷ್ಟೇ ಅವನು ನೋಡುತ್ತಿದ್ದ. ಅವಮಾನ ಎಲ್ಲೋ ದೂರದಲ್ಲಿತ್ತು, ನಾಳೆ ಬರುವ ನೆಂಟನ ಹಾಗೆ. ಅದಕ್ಕಿಂತ ಮೊದಲು ಬಂದದ್ದು ಬೆರಗು. ಎಂಥ ಕೈಗುಣ. ಒಂದು ವಾರ ಮುಖದ ಒಂದು ಗೆರೆ ಅಲುಗಿಸದೆ, ತಟ್ಟೆಗೆ ಬ್ರೆಡ್ಡು ಬಡಿಸುತ್ತ, ಗಾಳಿಯ ದಿಕ್ಕು ಎಂದರೆ ಕಿಟಕಿ ಮುಚ್ಚುತ್ತ. ಅವನ ಮದ್ದುಗಳೆಲ್ಲ ಸೇರಿದರೂ ಅವಳ ಆ ಒಂದು ಪೊಟ್ಟಣದ ಕಾಲಿನ ಧೂಳಾಗಲಾರವು. ಕಸುಬಿನಲ್ಲಿ ಇಷ್ಟು ವರ್ಷ ಕಳೆದು ಅವನು ಇನ್ನೊಬ್ಬರನ್ನು ತನಗಿಂತ ಮೇಲೆಂದು ಒಪ್ಪಿದ್ದು ಅದೇ ಮೊದಲು. ಒಪ್ಪಿದಾಗ ಎದೆಯಲ್ಲಿ ಏನೂ ಮುರಿಯಲಿಲ್ಲ, ಅದೇ ಸೋಜಿಗ.

ಡಬ್ಬಿಯ ಮುಚ್ಚಳವನ್ನು ಬಿಗಿದು ಅವಳು ನೀರಿನ ತಟ್ಟೆಯಲ್ಲಿಟ್ಟಳು. ಸಾಲು ಕೆಲಹೊತ್ತು ದಿಕ್ಕುಗೆಟ್ಟು ಅಟ್ಟಣಿಗೆಯಲ್ಲಿ ಅಲೆದಾಡಿತು. ಸಂಜೆಯ ಬಿಸಿಲು ಕಟ್ಟೆಗೆ ಬೀಳುವ ಹೊತ್ತಿಗೆ ಮದ್ದಿನ ಹನಿಯ ಬಳಿ ಒಂದು ಇರುವೆ ನಿಂತಿತು, ಬಗ್ಗಿತು. ನೋಡುತ್ತಿದ್ದ ಹಾಗೆ ಹನಿಯ ಸುತ್ತ ಕಪ್ಪು ಉಂಗುರ ಕಟ್ಟಿತು, ತಲೆಗಳೆಲ್ಲ ಒಳಗೆ, ಒಂದೇ ಬಟ್ಟಲಿಗೆ ಬಾಯಿಟ್ಟ ಮನೆಮಂದಿಯ ಹಾಗೆ. ತುಂಬಿದ ಹೊಟ್ಟೆ ಬಿಸಿಲಿಗೆ ಜೇನಿನ ಮಣಿಯಂತೆ ಹೊಳೆಯುತ್ತಿತ್ತು. ಅವು ಒಂದೊಂದಾಗಿ ತಿರುಗಿ, ಯಾವ ಅವಸರವೂ ಇಲ್ಲದೆ, ಕಿಟಕಿಯ ಸಂದಿನತ್ತ ಹೊರಟವು, ತಮ್ಮದಲ್ಲದ ಚೀಲವನ್ನು ಹೊತ್ತು. ಗೆದ್ದ ದಿನಗಳಲ್ಲಿ ಅವನು ಇಲ್ಲಿ ಮೀಸೆ ತಿರುವುತ್ತಿದ್ದ. ಇವತ್ತು ಕೈ ಮೇಲೇಳಲಿಲ್ಲ. ಇಷ್ಟು ದೊಡ್ಡ ಮನಸ್ಸಿನವರನ್ನು ಆ ಮನಸ್ಸಿನ ದಾರಿಯಲ್ಲೇ ಹೋಗಿ ಕೊಲ್ಲುವವನು ತಾನು ಎಂದು ಹಿಂದೆಂದೂ ಹೊಳೆದಿರಲಿಲ್ಲ. ಇರುವೆಗಳೂ ಮೂಲೆಯಲ್ಲಿ ನಿಂತು ಒಬ್ಬೊಬ್ಬಳೇ ತಿನ್ನುವಂತಿದ್ದರೆ ಅವನ ಕಸುಬೇ ಇರುತ್ತಿರಲಿಲ್ಲ.

ಕೆಲವು ದಿನಗಳಲ್ಲಿ ಗೋಡೆ ಬರಿದಾಯಿತು. ಅತ್ತೆ ಬುಟ್ಟಿ ಕುರ್ಚಿ ಸಮೇತ ತಮ್ಮ ಕೋಣೆಗೆ ಮರಳಿದರು. ಹೆಂಡತಿ ಆ ಮಾತನ್ನು ಮತ್ತೆ ಎತ್ತಲಿಲ್ಲ, ಅವನೂ ಎತ್ತಲಿಲ್ಲ, ಚಹಾ ಸಪ್ಪೆಯಾಗಿಯೇ ಬರುತ್ತಿತ್ತು, ಮೂರು ಲೋಟಗಳಲ್ಲೂ. ಒಂದು ಮಧ್ಯಾಹ್ನ ಕೆಲಸದಿಂದ ಬಂದು ಚೀಲವಿಡಲು ಉಗ್ರಾಣಕ್ಕೆ ಹೋದವನು ತಲೆಯೆತ್ತಿದರೆ, ಎರಡು ಗೆರೆ ಹೆಚ್ಚಿನ ಬುರುಡೆ ತನ್ನ ಹಳೆಯ ಜಾಗದಲ್ಲೇ ಕೂತು ಅವನನ್ನು ನೋಡಿ ಹಲ್ಲುಬಿಡುತ್ತಿತ್ತು. ತೊಳೆದು ಒರೆಸಿದ ಡಬ್ಬಿ. ಅಭ್ಯಾಸಬಲದಿಂದ ಬಾಗಿಲು ಹಾಕಿ, ಹತ್ತಿ, ಇಳಿಸಿ, ತೆರೆದ. ಒಳಗೆ ಒಂದೇ ಒಂದು ಕೆನೆ ಬಿಸ್ಕತ್ತು. ಅಡಿಗೆಮನೆಯಲ್ಲಿ ಲೋಟಗಳನ್ನು ಜೋಡಿಸುತ್ತಿದ್ದವಳ ಸದ್ದು ಈಗ ನಿಂತಿತ್ತು. ಇದೇನೆಂದು ಭೂಮಂಡಲದಲ್ಲಿ ಅವನಿಗಿಂತ ಚೆನ್ನಾಗಿ ತಿಳಿದವರು ಇರಲಿಲ್ಲ. ಸಿಹಿ, ಅದರೊಳಗೆ ವಿಷದ ಬದಲು ಒಂದು ಚಿಟಿಕೆ ಪರೀಕ್ಷೆ, ತಿಂದವನಿಗೆ ತಿಳಿಯದಷ್ಟು. ನಾಲಗೆಯಲ್ಲಿ ನೀರು ಬಂತು. ಅದನ್ನು ಹಾಗೇ ನುಂಗಿಕೊಂಡು, ಬಿಸ್ಕತ್ತನ್ನು ಅಂಗೈಯಲ್ಲಿಟ್ಟು, ಕೆನೆ ಕರಗದಂತೆ ಇನ್ನೊಂದು ಕೈಯ ನೆರಳು ಹಿಡಿದು, ಬಾಗಿಲು ತೆರೆದು ಹೊರಟ. ಹಜಾರದ ಗೋಡೆಯ ಅಂಚು, ಬಾಗಿಲ ಚೌಕಟ್ಟು, ಸಿಂಕಿನ ಪಕ್ಕ. ಕಟ್ಟೆಯ ಮೇಲೆ ಮೂರು ಲೋಟ ಚಹಾ ಹೊಗೆಯಾಡುತ್ತಿತ್ತು. ಅತ್ತೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಹೆಂಡತಿ ತಿರುಗಿ ನೋಡದೆಯೇ ಕೈ ಚಾಚಿದಳು.